ಸಯಾಟಿಕಾ ನೋವಿಗೆ ಎಣ್ಣೆ ತಿಕ್ಕುವುದು, ಕಟಿಬಸ್ತಿ, ಫಿಸಿಯೋಥೆರಪಿ: ಯಾವುದರಿಂದ ಎಷ್ಟು ಉಪಯೋಗ?

ಪ್ರಶ್ನೆ (ಬೆಟಗೇರಿ, ಗದಗ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 58 ವರ್ಷ. ಚಿಕ್ಕಂದಿನಿಂದ ಕುಣಿಮಗ್ಗದಲ್ಲಿ ಸೀರೆ ನೇಯ್ದವರು. ಯುಗಾದಿಯ ನಂತರ ಎಡ ಪಿರ್ರೆಯಲ್ಲಿ ಶುರುವಾದ ನೋವು ತೊಡೆಯ ಹಿಂಬದಿಯಿಂದ ಮೀನಖಂಡದ ಹೊರಮಗ್ಗುಲಿಗೆ ಇಳಿದು ಹೆಬ್ಬೆರಳಿನವರೆಗೆ ಹರಿಯುತ್ತಿದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕುಳಿತರೂ, ಕೆಮ್ಮಿದರೂ, ಕಾಲಿನುದ್ದಕ್ಕೂ ಚಳಕು ಹೊಡೆಯುತ್ತದೆ. ಸೊಂಟದ ನಾಲ್ಕು ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್ ಹೊರಚಾಚಿ ನರದ ಬುಡವನ್ನು ಒತ್ತುತ್ತಿದೆ ಎಂದು ಎಂಆರ್‌ಐ ವರದಿ ಹೇಳುತ್ತದೆ. ಸದ್ಯಕ್ಕೆ ಆಪರೇಷನ್ ಬೇಡವೆಂದು ವೈದ್ಯರು ಮಾತ್ರೆ ಬರೆದುಕೊಟ್ಟಿದ್ದಾರೆ. ತಂದೆಯವರಿಗೆ ಸಕ್ಕರೆ ಕಾಯಿಲೆಯೂ ಇದೆ.

ಅವ್ವ ದಿನಾಲೂ ಎಣ್ಣೆ ಕಾಸಿ ತಿಕ್ಕುತ್ತಾರೆ, ಚಿಕ್ಕಪ್ಪನವರು ಪಂಚಕರ್ಮ ಮಾಡಿಸೋಣ ಎನ್ನುತ್ತಾರೆ, ಓಣಿಯ ಹಿರಿಯರು ಸೊಂಟ ಜಗ್ಗಿ ನರ ಕೂಡಿಸುವವರ ಬಳಿಗೆ ಕರೆದುಕೊಂಡು ಹೋಗಿ ಎಂದು ಒತ್ತಾಯಿಸುತ್ತಿದ್ದಾರೆ. ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಫಿಸಿಯೋಥೆರಪಿಸ್ಟ್, ಧಾರವಾಡ)

ಮೊದಲು ಧೈರ್ಯದ ಮಾತು. ಡಿಸ್ಕ್‌ನಿಂದ ಬಂದ ಸಯಾಟಿಕಾ, ಅಂದರೆ ನರ ಒತ್ತಿಕೊಂಡು ಕಾಲಿನುದ್ದಕ್ಕೂ ಹರಿಯುವ ಇಂಥ ನೋವು, ಬಹುಪಾಲು ಜನರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ಗಣನೀಯವಾಗಿ ಇಳಿಯುತ್ತದೆ; ಹೊರಚಾಚಿದ ಭಾಗವನ್ನು ದೇಹವೇ ಎಷ್ಟೋ ಸಲ ತಾನಾಗಿ ಕರಗಿಸಿಕೊಳ್ಳುತ್ತದೆ. ಹೀಗಾಗಿ ಯಾರ ಕೈಯೂ ಡಿಸ್ಕ್ ಅನ್ನು ಒಳಕ್ಕೆ ತಳ್ಳಬೇಕಾಗಿಲ್ಲ, ತಳ್ಳಲು ಬರುವುದೂ ಇಲ್ಲ. ನರ ಕೆರಳಿದಾಗ ಸೊಂಟ ಮತ್ತು ಪಿರ್ರೆಯ ಸ್ನಾಯುಗಳು ಬಿಗಿದುಕೊಂಡು ನೋವನ್ನು ಹೆಚ್ಚಿಸುತ್ತವೆ. ತಿಕ್ಕುವುದರಿಂದ, ಕೈಯಿಂದ ಮಾಡುವ ಮೃದು ಚಿಕಿತ್ಸೆಯಿಂದ ಆ ಬಿಗಿತ ಸಡಿಲವಾಗಿ ಕೆಲವು ಗಂಟೆ ಆರಾಮ ಸಿಗುತ್ತದೆ. ಆ ಕೆಲವು ಗಂಟೆಗಳನ್ನು ಹೇಗೆ ಬಳಸಿಕೊಳ್ಳುತ್ತೀರಿ ಎಂಬುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಆರಾಮ ಸಿಕ್ಕಿತೆಂದು ಮಲಗಿಬಿಟ್ಟರೆ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ಎದ್ದು ಸಮತಟ್ಟಾದ ದಾರಿಯಲ್ಲಿ ನಡೆದಾಡಿ, ಕಲಿಸಿಕೊಟ್ಟ ವ್ಯಾಯಾಮ ಮಾಡಿದರೆ ತಿಕ್ಕಿದ್ದು ಸಾರ್ಥಕ.

ವೈದ್ಯರಿಗೆ ಚಿಕಿತ್ಸೆಯ ಸಲಹೆ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಕೈಚಿಕಿತ್ಸೆಗೆ ಅವಕಾಶ ಕೊಟ್ಟಿರುವುದೂ ವ್ಯಾಯಾಮದ ಜೊತೆಗೆ ಮಾತ್ರ. ನಮ್ಮಲ್ಲಿ ಸಾಮಾನ್ಯವಾಗಿರುವ ಟ್ರ್ಯಾಕ್ಷನ್ (ತೂಕ ಅಥವಾ ಯಂತ್ರದಿಂದ ಸೊಂಟ ಎಳೆಯುವುದು) ಮತ್ತು ಸೊಂಟದ ಬೆಲ್ಟ್ ಎರಡನ್ನೂ ಅದು ಬೇಡವೆನ್ನುತ್ತದೆ.

ಸೊಂಟ ಜಗ್ಗಿಸುವ ವಿಚಾರವನ್ನು ದಯವಿಟ್ಟು ಕೈಬಿಡಿ. ನರ ಒತ್ತಿಕೊಂಡಿರುವ ಜಾಗದಲ್ಲಿ, ಎಂಆರ್‌ಐ ನೋಡದವರು ಜೋರಾಗಿ ತಿರುವಿ ಲಟಕ್ಕೆನಿಸುವುದು ನಿಜವಾಗಿಯೂ ಅಪಾಯ. ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋದರೆ, ಮಲಮೂತ್ರದ ದ್ವಾರದ ಸುತ್ತ ಸ್ಪರ್ಶ ತಿಳಿಯದಂತಾದರೆ, ಎರಡೂ ಕಾಲುಗಳು ಸೋತರೆ, ಬೆಳಗಾಗುವವರೆಗೆ ಕಾಯದೆ ಅದೇ ರಾತ್ರಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಇನ್ನೊಂದು ಮಾತು: ಎರಡೂ ಪಾದಗಳ ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿ, ನಿಮ್ಮ ಬೆರಳಿನಿಂದ ಕೆಳಕ್ಕೆ ಒತ್ತಿ ನೋಡಿ. ಎರಡರ ಬಲವೂ ಒಂದೇ ಆಗಿದೆಯೇ ಎಂದು ತಿಳಿಸಿ.

ಉತ್ತರ 2 (ಆಯುರ್ವೇದ ವೈದ್ಯೆ, ಗದಗ)

ಇದನ್ನು ಆಯುರ್ವೇದದಲ್ಲಿ ಗೃಧ್ರಸೀ ಎನ್ನುತ್ತೇವೆ. ಪಿರ್ರೆಯಿಂದ ಆರಂಭವಾಗಿ ಸೊಂಟ, ತೊಡೆ, ಮೊಣಕಾಲು, ಮೀನಖಂಡಗಳ ಮೂಲಕ ಪಾದಕ್ಕೆ ಇಳಿಯುವ ನೋವೆಂದು ಚರಕ ಸಂಹಿತೆ ಇದನ್ನು ವಾತವ್ಯಾಧಿಗಳಲ್ಲಿ ವರ್ಣಿಸಿದೆ.

ಪಂಚಕರ್ಮ ಕೇಂದ್ರಗಳಲ್ಲಿ ಇದಕ್ಕೆ ಮಾಡುವ ಕಟಿಬಸ್ತಿಯಲ್ಲಿ ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೋರಲು ಮಲಗಿದವರ ಸೊಂಟದ ಮೇಲೆ ಕಟ್ಟೆಯಂತೆ ಸುತ್ತಲೂ ಕೂಡಿಸಿ, ಅಂಚು ಸೋರದಂತೆ ಒದ್ದೆ ಬೆರಳಿನಿಂದ ತೀಡುತ್ತೇವೆ. ಅದರೊಳಗೆ ಸಹಚರಾದಿ ಅಥವಾ ಮಹಾನಾರಾಯಣದಂತಹ ಬಿಸಿ ತೈಲವನ್ನು ಸುರಿದು, ಆರುತ್ತಿದ್ದಂತೆ ಹತ್ತಿಯಲ್ಲಿ ಅದ್ದಿ ತೆಗೆದು, ಮತ್ತೆ ಬೆಚ್ಚಗಿನದನ್ನು ತುಂಬುತ್ತ ಅರ್ಧ ಗಂಟೆ ಇರಿಸುತ್ತೇವೆ. ಬಿಗಿತ ಮತ್ತು ನೋವು ಇದರಿಂದ ಹಗುರಾಗುವುದನ್ನು ನಿತ್ಯ ಕಾಣುತ್ತೇನೆ. ಆದರೆ ಡಿಸ್ಕ್ ಸರಿಹೋಗುತ್ತದೆ ಎಂದು ಯಾರಾದರೂ ಖಾತ್ರಿ ಕೊಟ್ಟರೆ ಒಪ್ಪಬೇಡಿ.

ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿ ಸಕ್ಕರೆ ಕಾಯಿಲೆಯದು. ಕಾಲಿನಲ್ಲಿ ಜೋಮು ಇದ್ದರೆ ಬಿಸಿ ಎಷ್ಟೆಂಬುದು ಅವರಿಗೆ ತಿಳಿಯುವುದಿಲ್ಲ. ಕಾಸಿದ ಎಣ್ಣೆಯನ್ನು ಅವ್ವ ಮೊದಲು ತಮ್ಮ ಮುಂಗೈ ಮೇಲೆ ಹಾಕಿ ನೋಡಲಿ, ಬಿಸಿನೀರಿನ ಚೀಲವನ್ನು ಪಾದಕ್ಕೆ ಇಡಲೇಬಾರದು. ಒಳಗೆ ಸೇವಿಸುವ ಔಷಧಿಗಳನ್ನು, ಅದರಲ್ಲೂ ಲೋಹ, ಖನಿಜಗಳನ್ನು ಸುಟ್ಟು ಮಾಡಿದ ಭಸ್ಮಗಳನ್ನು, ಯಾರೋ ಹೇಳಿದರೆಂದು ತೆಗೆದುಕೊಳ್ಳಬೇಡಿ.

ಉತ್ತರ 3 (ಬ್ಯಾಡಗಿ, ಹಾವೇರಿ ಜಿಲ್ಲೆ)

ಮೆಣಸಿನಕಾಯಿಯ ತೊಟ್ಟು ಬಿಡಿಸಲು ದಿನವಿಡೀ ನೆಲದ ಮೇಲೆ ಕೂರುವ ನಮ್ಮ ಅಕ್ಕನವರಿಗೂ ಇದೇ ನೋವು ಬಹಳ ಕಾಲದಿಂದ ಇದೆ. ಅಕ್ಯುಪಂಕ್ಚರ್ ಮಾಡಿಸಬಹುದೇ ಎಂದು ಧಾರವಾಡದ ಸರ್ ತಿಳಿಸಬೇಕು.

ಫಿಸಿಯೋಥೆರಪಿಸ್ಟ್, ಧಾರವಾಡ

ನಾನು ಹೇಳಿದ ಬ್ರಿಟನ್ನಿನ ಮಾರ್ಗಸೂಚಿ ಅದನ್ನು ಬೇಡವೆಂದಿದೆ. ಆದರೆ ಡಿಸ್ಕ್‌ನಿಂದಾದ ಹಳೆಯ ಸಯಾಟಿಕಾ ಇದ್ದ 216 ಜನರ ಮೇಲೆ ಚೀನಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೂಜಿ ಚುಚ್ಚಿದಂತೆ ನಟನೆಯ ಚಿಕಿತ್ಸೆ ಪಡೆದ ರೋಗಿಗಳಿಗಿಂತ ನಿಜವಾಗಿ ಚುಚ್ಚಿಸಿಕೊಂಡವರ ನೋವು ಹೆಚ್ಚು ಇಳಿಯಿತು. ತರಬೇತಾದವರು ಹೊಸ ಸೂಜಿಗಳನ್ನೇ ಬಳಸುವುದಾದರೆ ನಾನು ತಡೆಯುವುದಿಲ್ಲ. ಆದರೆ ಅಕ್ಕನವರು ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಮಣೆಯ ಬದಲು ಎತ್ತರದ ಸ್ಟೂಲ್ ಮೇಲೆ ಕೂರುವುದು ಅದಕ್ಕಿಂತ ಮೊದಲಾಗಬೇಕು.

ಪ್ರಶ್ನೆ ಕೇಳಿದವರು

ಸರ್, ನೀವು ಹೇಳಿದಂತೆ ಒತ್ತಿ ನೋಡಿದೆ. ಬಲಗಾಲಿನ ಹೆಬ್ಬೆರಳು ಜಗ್ಗುವುದೇ ಇಲ್ಲ, ಎಡಗಾಲಿನದು ಸ್ವಲ್ಪ ಒತ್ತಿದರೂ ಕೆಳಗೆ ಹೋಗುತ್ತದೆ. ನಡೆಯುವಾಗ ಎಡಗಾಲಿನ ಚಪ್ಪಲಿ ನೆಲಕ್ಕೆ ತಾಗುತ್ತದೆ ಎಂದು ಅವ್ವ ಈಗ ಹೇಳುತ್ತಿದ್ದಾರೆ.

ಫಿಸಿಯೋಥೆರಪಿಸ್ಟ್, ಧಾರವಾಡ

ಇದು ಒತ್ತಿಕೊಂಡ ನರದ ಬಲ ಕುಂದುತ್ತಿರುವ ಲಕ್ಷಣ. ಹಾಗಾಗಿ ತಿಕ್ಕುವುದು, ಪಂಚಕರ್ಮ, ನನ್ನ ವ್ಯಾಯಾಮ ಎಲ್ಲವೂ ಸದ್ಯಕ್ಕೆ ನಿಲ್ಲಲಿ. ಎಂಆರ್‌ಐ ಫಿಲ್ಮ್‌ಗಳನ್ನು ತೆಗೆದುಕೊಂಡು ನಾಳೆಯೇ ಬೆನ್ನುಹುರಿಯ ತಜ್ಞರನ್ನು ಕಾಣಿರಿ, ಹೆಬ್ಬೆರಳಿನ ಬಲ ಕುಂದಿರುವುದನ್ನೂ ಚಪ್ಪಲಿ ತಾಗುವುದನ್ನೂ ಅವರು ಕೇಳುವ ಮೊದಲೇ ಹೇಳಿರಿ. ಆಪರೇಷನ್ ಬೇಡವೆಂದು ಹೇಳಿದ್ದು ಈ ಲಕ್ಷಣ ಕಾಣಿಸುವ ಮುಂಚೆ ಇರಬಹುದು. ನೋವು ಕಡಿಮೆಯಾಗಿ ಬಲವೂ ಕಡಿಮೆಯಾದರೆ ಅದನ್ನು ಗುಣವೆಂದು ತಿಳಿಯಬೇಡಿ.