ಅಪ್‌ಡೇಟ್: ಅಮ್ಮನ ಸಣ್ಣ ಕರುಳಿನ ಗಡ್ಡೆ ತೆಗೆದರು

ಸಣ್ಣ ಕರುಳಿನಲ್ಲಿ ನಾಲ್ಕು ಸೆಂಟಿಮೀಟರಿನ ಗಡ್ಡೆಯಿದೆ, ಅಮ್ಮನಿಗೆ ಹೊಟ್ಟೆ ಕೊಯ್ಯಲೇಬೇಕೇ, ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೋಸ್ಕೋಪಿ ಸಾಲದೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೈ ಮುಗಿಯುತ್ತೇನೆ. ಶಿವಮೊಗ್ಗದಲ್ಲೇ, ಲ್ಯಾಪ್ರೋಸ್ಕೋಪಿಯಲ್ಲೇ ಆಯಿತು.

ಗಡ್ಡೆ ಜಿಸ್ಟ್ ಎಂಬ ಅಪರೂಪದ ಜಾತಿಯದು. ಕರುಳಿನ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಇದಲ್ಲ, ಗೋಡೆಯಲ್ಲಿ ಬೆಳೆಯುವಂಥದ್ದು. ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡುವುದು ವಿರಳವಾದ್ದರಿಂದ ಅವನ್ನು ತೆಗೆಯಲಿಲ್ಲ. ನನಗಿದ್ದ ದೊಡ್ಡ ಭಯ ಗಡ್ಡೆ ಒಡೆಯುವುದು. ಒಡೆದರೆ ಜೀವಕೋಶಗಳು ಹೊಟ್ಟೆಯೊಳಗೆ ಚೆಲ್ಲಿ ಮತ್ತೆ ಬೆಳೆಯಬಹುದು. ಸರ್ಜನ್ ಗಡ್ಡೆಯನ್ನು ಉಪಕರಣದಿಂದ ಹಿಡಿಯಲೇ ಇಲ್ಲವಂತೆ. ಪಕ್ಕದ ಕರುಳನ್ನಷ್ಟೇ ಹಿಡಿದು, ಹೊಕ್ಕುಳ ಬಳಿಯ ಸೀಳನ್ನು ಸ್ವಲ್ಪ ಹಿಗ್ಗಿಸಿ, ಆ ಭಾಗವನ್ನು ಹೊರತಂದು ಕತ್ತರಿಸಿ, ತುದಿಗಳನ್ನು ಜೋಡಿಸಿದರು. ಗಡ್ಡೆ ಇನ್ನೂ ದೊಡ್ಡದಿದ್ದರೆ ಹೊಟ್ಟೆ ತೆರೆಯುತ್ತಿದ್ದೆ ಎಂದು ಅವರೇ ಹೇಳಿದರು.

ಮೂರನೆಯ ದಿನ ಗಂಜಿ, ಆರನೆಯ ದಿನ ತೀರ್ಥಹಳ್ಳಿಯ ಮನೆ.

ತೆಗೆದ ಗಡ್ಡೆಯ ಪರೀಕ್ಷಾ ವರದಿಯಲ್ಲಿ ಕತ್ತರಿಸಿದ ಅಂಚುಗಳು ಶುದ್ಧವಾಗಿವೆ, ಅಂದರೆ ಅಲ್ಲಿ ಗಡ್ಡೆಯ ಕೋಶಗಳಿಲ್ಲ, ಕೋಶ ವಿಭಜನೆಯ ವೇಗವೂ ಕಡಿಮೆ. ಆದ್ದರಿಂದ ಈ ಗಡ್ಡೆ ಮರಳದಂತೆ ಕೊಡುವ ಇಮ್ಯಾಟಿನಿಬ್ ಮಾತ್ರೆ ಸದ್ಯಕ್ಕೆ ಬೇಡವಂತೆ. ಆರು ತಿಂಗಳಿಗೆ ಸಿಟಿ ಸ್ಕ್ಯಾನ್.

ಒಂದು ಸಂಕಟ ಮಾತ್ರ ಉಳಿದಿದೆ. ಗಡ್ಡೆಯಿಂದ ರಕ್ತ ಸೋರುತ್ತಿದ್ದುದು ತಿಳಿಯದೆ ಎರಡು ವರ್ಷ ಬರೀ ರಕ್ತಹೀನತೆಯೆಂದು ಕಬ್ಬಿಣದ ಮಾತ್ರೆ ನುಂಗಿಸಿದೆವು. ಬಾಯಿಯಿಂದ ಮತ್ತು ಗುದದಿಂದ ಕ್ಯಾಮೆರಾ ನಳಿಕೆ ಹಾಕಿ ನೋಡುವ ಎಂಡೋಸ್ಕೋಪಿಗಳೆರಡೂ ಸರಿಯಿದ್ದವು. ಆದರೆ ನಡುವಿನ ಸಣ್ಣ ಕರುಳಿನ ಬಹುಭಾಗವನ್ನು ಅವು ಮುಟ್ಟುವುದೇ ಇಲ್ಲ. ಮಲ ಕಪ್ಪಾಗಿ ಹೋಗುತ್ತಿದ್ದರೆ, ಹಿಮೋಗ್ಲೋಬಿನ್ ಏರದಿದ್ದರೆ, ಸಣ್ಣ ಕರುಳನ್ನೂ ನೋಡಿ ಎಂದು ದಯವಿಟ್ಟು ವೈದ್ಯರನ್ನು ಕೇಳಿ. ಅಮ್ಮ ಈಗ ಅಂಗಳದಲ್ಲಿ ಕುಳಿತು ಅಡಿಕೆ ಒಣಗಿಸುವವರಿಗೆ ಸೂಚನೆ ಕೊಡುತ್ತಿದ್ದಾರೆ.