ಆರು ವರ್ಷ ಪ್ರಾಣಿಗಳ ಗ್ರೂಮಿಂಗ್ ಮಾಡಿದ್ದೇನೆ, ಈಗ ಕೆಲಸ ಇಲ್ಲ. ಇದರಲ್ಲೇ ಇರಲಾ, ಬಿಡಲಾ?

ಕರಡಿಮರಿ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಗ್ರೂಮ್ ಆರ್ಟಿಸ್ಟ್. ಸಿನಿಮಾದಲ್ಲಿ ಬರುವ ಕಂಪ್ಯೂಟರ್ ಪ್ರಾಣಿಗಳಿಗೆ ಮೈಗೂದಲು ಬೆಳೆಸಿ, ಬಾಚಿ, ಬೇಕಾದ ಕಡೆ ಸಿಕ್ಕು ಹಾಕುವ ಕೆಲಸ. ಸಾಫ್ಟ್‌ವೇರ್ ಹೆಚ್ಚಾಗಿ ಎಕ್ಸ್‌ಜೆನ್, ಸ್ವಲ್ಪ ಹೂಡಿನಿ. ನಾಲ್ಕು ತಿಂಗಳ ಹಿಂದೆ ನಮ್ಮ ಸ್ಟುಡಿಯೋದಲ್ಲಿ ಒಂದು ಪ್ರಾಜೆಕ್ಟ್ ಮುಗಿಯಿತು, ಮುಂದಿನದು ಬರಲಿಲ್ಲ. ಒಂಬತ್ತು ಜನರ ಟೀಮಲ್ಲಿ ಏಳು ಜನರನ್ನು ಮನೆಗೆ ಕಳಿಸಿದರು, ಅದರಲ್ಲಿ ನಾನೂ ಒಬ್ಬ. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ಮುಷ್ಕರ ಹೂಡಿದಾಗಲೇ ನಮ್ಮ ಕಡೆ ಕೆಲಸ ಕಮ್ಮಿಯಾಗಿತ್ತು. 2025ರ ಫೆಬ್ರವರಿಯಲ್ಲಿ ದೊಡ್ಡ ವಿಶುವಲ್ ಎಫೆಕ್ಟ್ಸ್ ಕಂಪನಿ ಟೆಕ್ನಿಕಲರ್ ಬಾಗಿಲು ಹಾಕಿದ ಮೇಲೆ (ನಾನು ಅಲ್ಲಿ ಇರಲಿಲ್ಲ) ಇದೇ ಊರಲ್ಲಿ ಸಾವಿರಾರು ಜನ ಒಟ್ಟಿಗೆ ಕೆಲಸ ಹುಡುಕಲು ಇಳಿದರು. ಅಪ್ಪ ಬ್ಯಾಂಕ್ ಪರೀಕ್ಷೆ ಬರಿ ಅನ್ನುತ್ತಿದ್ದಾರೆ. ಸಿಟ್ಟಿಗೆ ಹೇಳುವುದಲ್ಲ, ಅವರಿಗೆ ಭಯ. ಕೆಲಸ ಕೇಳುವಾಗ ತೋರಿಸುವ ರೀಲ್‌ಗೆ ಅಂತ ಒಂದು ಕರಡಿ ಮಾಡುತ್ತಿದ್ದೇನೆ, ಚಿತ್ರ ಕೆಳಗೆ ಹಾಕಿದ್ದೇನೆ. ಈ ಕೆಲಸ ನನಗೆ ತುಂಬಾ ಇಷ್ಟ. ಆದರೆ ಇದನ್ನು ಯಾರಿಗೆ ಅಂತ ಮಾಡುತ್ತಿದ್ದೇನೆ ಎಂದು ಈಚೆಗೆ ದಿನಾ ಅನಿಸುತ್ತದೆ.

ಹಳೇಬಾಚಣಿಗೆ:
ತಮ್ಮಾ, 2013ರಲ್ಲಿ ನಾನು ನಿನ್ನ ಜಾಗದಲ್ಲೇ ಇದ್ದೆ. ಆ ಫೆಬ್ರವರಿಯಲ್ಲಿ ರಿದಮ್ ಅಂಡ್ ಹ್ಯೂಸ್ ಎಂಬ ಎಫೆಕ್ಟ್ಸ್ ಸ್ಟುಡಿಯೋ ದಿವಾಳಿ ಅರ್ಜಿ ಹಾಕಿತು. ಎರಡು ವಾರದೊಳಗೆ ಅವರು ಹುಲಿ ಮಾಡಿಕೊಟ್ಟ 'ಲೈಫ್ ಆಫ್ ಪೈ'ಗೆ ವಿಶುವಲ್ ಎಫೆಕ್ಟ್ಸ್ ಆಸ್ಕರ್ ಬಂತು. ಅಂಥ ಹುಲಿ ಮಾಡಿದವರೂ ಕೆಲಸ ಕಳೆದುಕೊಂಡರು. ನಿನ್ನ ಕೈ ಚೆನ್ನಾಗಿಲ್ಲ ಅಂತ ಕೆಲಸ ಹೋಗಿಲ್ಲ, ಅದು ಮೊದಲು ತಲೆಯಲ್ಲಿರಲಿ. ಸ್ಟುಡಿಯೋಗಳು ಸಾಮಾನ್ಯವಾಗಿ ಮೊದಲೇ ಒಂದು ಮೊತ್ತಕ್ಕೆ ಒಪ್ಪಿಕೊಂಡುಬಿಡುತ್ತವೆ. ಆಮೇಲೆ ನಿರ್ದೇಶಕರು ಶಾಟ್ ಹತ್ತು ಸಲ ಬದಲಾಯಿಸಿದರೂ ಹೆಚ್ಚಿನ ದುಡ್ಡು ಹುಟ್ಟುವುದು ಕಷ್ಟ. ಮಧ್ಯೆ ಒಂದೆರಡು ತಿಂಗಳು ಪ್ರಾಜೆಕ್ಟ್ ತಪ್ಪಿದರೆ ಸಂಬಳ ಕೊಡಲು ಏನೂ ಉಳಿದಿರುವುದಿಲ್ಲ.

ನಾನು ಆಗ ಏಳು ತಿಂಗಳು ಮದುವೆ ಆಲ್ಬಮ್ ಡಿಸೈನ್ ಮಾಡಿ ಬಾಡಿಗೆ ಕಟ್ಟಿದೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಎರಡು ತಾಸು ಗ್ರೂಮಿಂಗ್, ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಕರೆ ಬಂದಾಗ ತೋರಿಸಲು ಹೊಸ ಕೆಲಸ ಇತ್ತು.

ಮೈಗೂದಲು_ಮೈಸೂರು:
ನಿಮ್ಮ ಕರಡಿ ನೋಡಿದೆ. ಕಣ್ಣು, ಮೂಗು ತುಂಬಾ ಚೆನ್ನಾಗಿದೆ. ಆದರೆ ಮೈ ಕಂಬಳಿ ಹೊದ್ದ ಹಾಗೆ ಕಾಣುತ್ತಿದೆ, ಯಾಕೆ ಗೊತ್ತಾ? ಕೆಳಗೆ ಒತ್ತಾಗಿ ಅಂಡರ್‌ಕೋಟ್, ಅಂದರೆ ಒಳಗೂದಲಿನ ಪದರ, ಹಾಕಿದ್ದೀರಿ. ಹಿಮಕರಡಿಗಾದರೆ ಅದು ಸರಿ. ದರೋಜಿ ಕರಡಿಧಾಮದಲ್ಲಿ ಕಾಣುವ ನಮ್ಮ ಕರಡಿಗೆ ಒಳಗೂದಲು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಇರುವುದೆಲ್ಲ ಉದ್ದನೆಯ ಒರಟು ಕೂದಲು. ಆ ಪದರ ಪೂರ್ತಿ ತೆಗೆದುಹಾಕಿ. ಕೂದಲಿನ ದಟ್ಟಣೆ (ಡೆನ್ಸಿಟಿ) ಇಳಿಸಿ, ಅಲ್ಲಲ್ಲಿ ಚರ್ಮ ಇಣುಕಲಿ.

ಕ್ಲಂಪ್, ಅಂದರೆ ಕೂದಲು ಗುಂಪಾಗಿ ಕೂಡಿದ ಜಡೆ, ಎಲ್ಲ ಕಡೆ ಒಂದೇ ಗಾತ್ರ ಇದೆ. ಮೊದಲು ದೊಡ್ಡ ಜಡೆ, ಅದರೊಳಗೆ ಸಣ್ಣ ಜಡೆ, ಕೊನೆಗೆ ಯಾವುದಕ್ಕೂ ಸೇರದೆ ಹಾರಾಡುವ ಎಳೆಗಳು, ಹೀಗೆ ಹಂತ ಹಂತವಾಗಿ ಕಟ್ಟಿ. ಮೂತಿಯ ಗಿಡ್ಡ ಕೂದಲು ಕಿವಿ ಹಿಂದೆ ಗೆರೆ ಎಳೆದ ಹಾಗೆ ಒಮ್ಮೆಗೇ ಉದ್ದ ಆಗಿದೆ, ಎಲ್ಲಿ ಎಷ್ಟು ಉದ್ದ ಎಂದು ಹೇಳುವ ಲೆಂಗ್ತ್ ಮ್ಯಾಪ್ ಅಲ್ಲಿ ಮೆಲ್ಲಗೆ ಏರಬೇಕು. ಇನ್ನೊಂದು, ಕಪ್ಪು ಪ್ರಾಣಿ ಅಂತ ಬಣ್ಣ, ಹೊಳಪು ಕೊಡುವ ಶೇಡರ್‌ನಲ್ಲಿ ಮೆಲನಿನ್ (ಕೂದಲು ಎಷ್ಟು ಕಪ್ಪು ಎಂಬ ಅಳತೆ) ಪೂರ್ತಿ ಏರಿಸಬೇಡಿ. ಮಾಡಿದ ಜಡೆಯೆಲ್ಲ ಕತ್ತಲಲ್ಲಿ ಮುಳುಗಿಹೋಗುತ್ತದೆ. ಫೋಟೋ ನೋಡಿ ಮಾಡಿದ್ದೀರಿ ಅನಿಸುತ್ತದೆ. ಬನ್ನೇರುಘಟ್ಟ ಅಲ್ಲೇ ಇದೆಯಲ್ಲ, ಹೋಗಿ ಬನ್ನಿ. ಮಂಗಳವಾರ ರಜೆ.

ಪಾಲಿಗಾನ್_ಪುಟ್ಟ:
ನನ್ನ ಮಾತು ಸ್ವಲ್ಪ ಬೇರೆ. ಸಿನಿಮಾ ಗ್ರೂಮಿಂಗ್ ಒಂದನ್ನೇ ನಂಬಿ ಕೂರಬೇಡಿ ಬ್ರದರ್. ನಾನು ಗೇಮ್ ಕಡೆ ಬಂದೆ, ಕಲಿತಿದ್ದು ಯಾವುದೂ ವ್ಯರ್ಥ ಆಗಲಿಲ್ಲ. ನೀವು ಬಾಚಿದ ಕೂದಲನ್ನು ಅಲೆಂಬಿಕ್ ಎಂಬ ಬಗೆಯ ಫೈಲ್ ಮಾಡಿ, ಗೇಮ್ ಕಟ್ಟುವ ಸಾಫ್ಟ್‌ವೇರ್ ಅನ್‌ರಿಯಲ್‌ಗೆ ತರಬಹುದು. ಹೇರ್ ಕಾರ್ಡ್ ಮಾಡುವುದನ್ನೂ ಕಲಿಯಿರಿ. ಪಟ್ಟಿಯಂಥ ತೆಳು ಮೇಲ್ಮೈ ಮೇಲೆ ಕೂದಲಿನ ಚಿತ್ರ ಅಂಟಿಸುವುದು, ಅಷ್ಟೇ. ಆದರೆ ಕಮ್ಮಿ ಪಟ್ಟಿಯಲ್ಲಿ ದಟ್ಟ ಕೂದಲು ತೋರಿಸಲು ಕಣ್ಣು ಬೇಕು, ಅದು ನಿಮಗಿದೆ. ಲೈಸೆನ್ಸ್‌ಗೆ ದುಡ್ಡಿಲ್ಲ ಅಂತ ಕೆಲಸ ನಿಲ್ಲಿಸಬೇಡಿ. ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಪುಕ್ಕಟೆ, ಅದರಲ್ಲೂ ಕೂದಲನ್ನು ಕೈಯಿಂದಲೇ ಬಾಚಬಹುದು. 2022ರಲ್ಲಿ ಬಂದ 3.3ರಿಂದ ಅದಕ್ಕೆ ಹೊಸ ಸಲಕರಣೆಗಳೂ ಇವೆ. ಬ್ಯಾಂಕ್ ಪರೀಕ್ಷೆ ಬರೆದರೂ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕರಡಿಮರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬುಧವಾರ ಬನ್ನೇರುಘಟ್ಟಕ್ಕೆ ಹೋಗಿದ್ದೆ, ಅಪ್ಪನೂ ಬಂದಿದ್ದರು. ಸಫಾರಿ ಬಸ್ಸಲ್ಲಿ ಎರಡು ಸಲ ಹೋದೆವು. ಎರಡನೇ ಸಲ ಒಂದು ಕರಡಿ ರಸ್ತೆ ಪಕ್ಕದಲ್ಲೇ ಕೂತು ಕುತ್ತಿಗೆ ಕೆರೆದುಕೊಳ್ಳುತ್ತಿತ್ತು. ಉಗುರು ಓಡಿದ ಕಡೆ ಕೂದಲು ಎರಡು ಪಾಲಾಗಿ ಒಳಗಿನ ಚರ್ಮ ಕಂಡಿತು. ಅದು ಕೈ ತೆಗೆದ ಮೇಲೂ ಬೈತಲೆ ತೆಗೆದ ಹಾಗೆ ಆ ಗೆರೆ ಹಾಗೇ ನಿಂತಿತು! ನೀವು ಹೇಳಿದ್ದು ಸರಿ ಅಕ್ಕ, ಅಂಡರ್‌ಕೋಟ್ ಇದ್ದಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ನಾನು ಫೋನಲ್ಲಿ ವಿಡಿಯೋ ಮಾಡುತ್ತಿದ್ದಾಗ ಅಪ್ಪ "ನೋಡು, ಮೊಣಕೈ ಹತ್ರ ಬೋಳಾಗಿದೆ" ಅಂತ ತೋರಿಸಿದರು, ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಪರೀಕ್ಷೆಗೆ ಫಾರಂ ತುಂಬುತ್ತೇನೆ ಅಂತ ಅವರಿಗೆ ಹೇಳಿದ್ದೇನೆ. ಬೆಳಗಿನ ಎರಡು ತಾಸು ಮಾತ್ರ ಕರಡಿಗೆ. ನಿನ್ನೆ ಅಂಡರ್‌ಕೋಟ್ ತೆಗೆದೆ. ಈಗ ಕುತ್ತಿಗೆಯ ಆ ಬೈತಲೆಗೆ ಎರಡು ಬದಿಯ ಕೂದಲನ್ನು ಬೇರೆ ಮಾಡುವ ರೀಜನ್ ಮ್ಯಾಪ್ ಸಾಕಾ, ಇಲ್ಲ ಎರಡೂ ಕಡೆ ಗೈಡ್‌ಗಳನ್ನು (ಉಳಿದ ಕೂದಲಿಗೆ ದಾರಿ ತೋರುವ ಎಳೆಗಳು) ಹೊಸದಾಗಿ ಹಾಕಬೇಕಾ?