ಅಪ್‌ಡೇಟ್: ತೀರ್ಥಹಳ್ಳಿ ತೆಪ್ಪೋತ್ಸವಕ್ಕೆ ಅಮ್ಮನ್ನ ಕರ್ಕೊಂಡು ಹೋಗಿ ಬಂದೆ

ಎಳ್ಳಮಾವಾಸ್ಯೆ ಜಾತ್ರೆಯ ಮೂರನೇ ದಿನದ ತೆಪ್ಪೋತ್ಸವಕ್ಕೆ, ಮಂಡಿ ನೋವಿರೋ ಅಮ್ಮನ್ನ ಶಿವಮೊಗ್ಗದಿಂದ ಹೇಗೆ ಕರ್ಕೊಂಡು ಹೋಗೋದು ಅಂತ ಕೇಳಿದ್ದೆ. ಕಾರು ಬೇಡ, ಮಧ್ಯಾಹ್ನವೇ ಬಸ್ ಹತ್ತಿ ಅಂದಿದ್ರಿ. ಹಾಗೇ ಮಾಡಿದೆ.

ಸುಮಾರು 60 ಕಿ.ಮೀ. ದಾರಿ, ಗಾಜನೂರು, ಮಂಡಗದ್ದೆ ದಾಟಿ ಬಿಸಿಲಿರುವಾಗಲೇ ಊರು ಸೇರಿದ್ವಿ. ರಾಮೇಶ್ವರನ ದರ್ಶನ ಆರಾಮಾಗಿ ಆಯ್ತು. ಹೊಳೆದಂಡೆಗೆ ಇಳಿಯೋ ಮೆಟ್ಟಿಲ ಹತ್ತಿರ ಹೋಗಲೇ ಇಲ್ಲ, ನೂಕುನುಗ್ಗಲು ಅಲ್ಲೇ ಜಾಸ್ತಿ. ಮೇಲೆ ಒಂದು ಅಂಗಡಿ ಜಗಲಿ ಮೇಲೆ ಅಮ್ಮನ್ನ ಕೂರಿಸಿದೆ. ಅಂಗಡಿಯವರೇ ಕುರ್ಚಿ ಕೊಟ್ರು, ಅವರ ಹೊಟ್ಟೆ ತಣ್ಣಗಿರಲಿ. ಕತ್ತಲಾದ ಮೇಲೆ ದೀಪದ ತೆಪ್ಪ ತುಂಗೆಯಲ್ಲಿ ತೇಲಿ ಬಂದಾಗ ಅಮ್ಮ ಕೈ ಮುಗಿದು ಅತ್ತೇಬಿಟ್ರು. ಮದುವೆಗೆ ಮುಂಚೆ ಅಜ್ಜನ ಜೊತೆ ನೋಡಿದ್ದಂತೆ.

ವಾಪಸ್ ಬರೋದೇ ಕಷ್ಟ. ಪಟಾಕಿ ಮುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಹೊರಟು ಸೇತುವೆ ಕಡೆ ಹೆಜ್ಜೆ ಇಡೋಕೂ ಜಾಗ ಇರಲಿಲ್ಲ. ನಾವು ಒಂದು ಗಂಟೆ ಅಲ್ಲೇ ಕೂತು, ಮಂಡಕ್ಕಿ ತಿಂದು, ಜನ ಕರಗಿದ ಮೇಲೆ ಹೊರಟ್ವಿ. ಬಸ್ಸಲ್ಲಿ ಸೀಟೂ ಸಿಕ್ತು. ವಯಸ್ಸಾದವರಿದ್ರೆ ಶಾಲು, ನೀರು, ಟಾರ್ಚ್ ಮರೀಬೇಡಿ; ಹೊಳೆ ಪಕ್ಕದ ಚಳಿ ಜೋರು. ದಾರಿ ಹೇಳಿಕೊಟ್ಟ ಎಲ್ಲರಿಗೂ ಅಮ್ಮನ ಕಡೆಯಿಂದ ನಮಸ್ಕಾರ.